ಹರಿದಿಲ್ಲಪ್ಪ, ಅದು ಇರೋದೇ ಅಷ್ಟು

ಕೊನೆಗೆ ಏನಾಯ್ತು ಅಂತ ಬಿಡಿಸಿ ಹೇಳದ ಸಿನಿಮಾ, ಕಾದಂಬರಿಗಳಲ್ಲಿ ಜಾಸ್ತಿ ಇಷ್ಟವಾದದ್ದು ಯಾವುದು, ಯಾಕೆ ಅಂತ ಕೇಳಿದ್ದೀರಿ. ಉತ್ತರ ಬರೆಯಬೇಕಾದರೆ ಕೊನೆಗಳನ್ನು ಹೇಳಲೇಬೇಕು. ‘ಸಂಸ್ಕಾರ’, ‘ಘಾಚರ್ ಘೋಚರ್’ ಓದಿಲ್ಲದವರು ಮೊದಲು ಓದಿ ಬನ್ನಿ. ಈ ಉತ್ತರ ಎಲ್ಲೂ ಓಡಿಹೋಗಲ್ಲ.

ಅನಂತಮೂರ್ತಿಯವರ ‘ಸಂಸ್ಕಾರ’ (1965) ನಾನು ಓದಿದ್ದು ಕಾಲೇಜಿನಲ್ಲಿದ್ದಾಗ, ನಮ್ಮೂರಿನ ಲೈಬ್ರರಿಯಿಂದ ತಂದು. ಎರಡು ರಾತ್ರಿಯಲ್ಲಿ ಮುಗಿಸಿದೆ. ಕೊನೆಯ ಪುಟ ತಿರುಗಿಸಿದರೆ ರಟ್ಟು! ಹಾಳೆ ಹರಿದುಹೋಗಿದೆ ಅಂತಲೇ ಅಂದುಕೊಂಡೆ. ಆ ಲೈಬ್ರರಿಯ ಪತ್ತೇದಾರಿ ಕಾದಂಬರಿಗಳಲ್ಲಿ ಕೊನೆ ಹಾಳೆ ಇಲ್ಲದಿರುವುದು ಮಾಮೂಲಿ. ಮಾರನೇ ದಿನ ಹೋಗಿ ದೂರು ಹೇಳಿದೆ. ಅಲ್ಲಿದ್ದವರು ಇನ್ನೊಂದು ಪ್ರತಿ ತೆಗೆದು ತೋರಿಸಿ, “ಹರಿದಿಲ್ಲಪ್ಪ, ಅದು ಇರೋದೇ ಅಷ್ಟು” ಅಂದರು.

ಕಥೆ ಗೊತ್ತಿರಬಹುದು. ದೂರ್ವಾಸಪುರದ ಅಗ್ರಹಾರದಲ್ಲಿ ನಾರಣಪ್ಪ ಸಾಯುತ್ತಾನೆ. ಬ್ರಾಹ್ಮಣ್ಯವನ್ನು ಬೇಕಂತಲೇ ಮುರಿದವನು, ಆದರೆ ಅವನಿಗೆ ಬಹಿಷ್ಕಾರ ಹಾಕಿರಲಿಲ್ಲ. ಹೆಣಕ್ಕೆ ಸಂಸ್ಕಾರ ಯಾರು ಮಾಡಬೇಕು? ಪ್ರಾಣೇಶಾಚಾರ್ಯರು ಗ್ರಂಥ ತಿರುವಿ ಹಾಕುತ್ತಾರೆ, ಮಾರುತಿ ಗುಡಿಯಲ್ಲಿ ಕೂತು ಕಾಯುತ್ತಾರೆ, ಉತ್ತರ ಸಿಗುವುದಿಲ್ಲ. ವಾಪಸ್ ಬರುವಾಗ ಕತ್ತಲಲ್ಲಿ ನಾರಣಪ್ಪ ಇಟ್ಟುಕೊಂಡಿದ್ದ ಚಂದ್ರಿಯನ್ನು ಕೂಡುತ್ತಾರೆ. ಅಗ್ರಹಾರಕ್ಕೆ ಪ್ಲೇಗು ಬರುತ್ತದೆ, ಹೆಂಡತಿ ಸಾಯುತ್ತಾಳೆ. ಆಚಾರ್ಯರು ಊರು ಬಿಟ್ಟು ಅಲೆಯುತ್ತಾರೆ. ಸೂತಕದಲ್ಲೇ ಮೇಳಿಗೆ ಅನ್ನೋ ಊರಿನ ದೇವಸ್ಥಾನದಲ್ಲಿ ಪಂಕ್ತಿಗೆ ಕೂತು ಉಣ್ಣುತ್ತಾರೆ. ಕೊನೆಗೆ, ಹೋಗಿ ಎಲ್ಲರೆದುರು ನಿಜ ಹೇಳಬೇಕು ಅನ್ನಿಸುತ್ತದೆ. ಆಗುಂಬೆ ಕಡೆ ಹೊರಟ ಗಾಡಿಯಲ್ಲಿ ಒಬ್ಬರಿಗಷ್ಟೇ ಜಾಗ. ದಾರಿಯುದ್ದಕ್ಕೂ ಬೆನ್ನು ಬಿಡದ ಪುಟ್ಟ ಕೆಳಗೆ ಉಳಿಯುತ್ತಾನೆ, ಆಚಾರ್ಯರು ಹತ್ತುತ್ತಾರೆ. ಊರು ಇನ್ನೂ ನಾಲ್ಕೈದು ಗಂಟೆ ದೂರ. ಮುಗೀತು.

ಆಗ ನನಗೆ ಸಿಟ್ಟು ಬಂದಿತ್ತು. ಎಷ್ಟೋ ವರ್ಷ ಆದಮೇಲೆ ಮತ್ತೆ ಓದಿದಾಗ ಒಂದು ವಿಷಯ ಕಣ್ಣಿಗೆ ಬಿತ್ತು. ಹೆಣದ ಪ್ರಶ್ನೆ ಯಾವಾಗಲೋ ಮುಗಿದಿದೆ! ಮೀನು ವ್ಯಾಪಾರಿ ಅಹಮದ್ ಬ್ಯಾರಿಯ ನೆರವು ಪಡೆದು ಚಂದ್ರಿ ರಾತ್ರೋರಾತ್ರಿ ಸುಡಿಸಿಬಿಟ್ಟಿದ್ದಾಳೆ. ಇದು ನಮಗೆ ಗೊತ್ತು, ಆಚಾರ್ಯರಿಗೆ ಗೊತ್ತಿಲ್ಲ. ಅಂದರೆ ಲೇಖಕರು ನಮ್ಮಿಂದ ಏನನ್ನೂ ಮುಚ್ಚಿಟ್ಟಿಲ್ಲ. ಗಾಡಿ ಇಳಿದ ಮೇಲೆ ಈ ಮನುಷ್ಯ ಬಾಯಿ ಬಿಡುತ್ತಾರಾ ಅನ್ನೋದು ಮಾತ್ರ ಬಾಕಿ. ಒಂದೊಂದು ದಿನ, ಖಂಡಿತ ಹೇಳ್ತಾರೆ ಅನ್ನಿಸುತ್ತದೆ. ಇನ್ನೊಂದು ದಿನ, ಅಗ್ರಹಾರದ ಗರುಡಾಚಾರ್ಯನೋ ಲಕ್ಷ್ಮಣಾಚಾರ್ಯನೋ ಎದುರು ಬಂದು ಕೈಮುಗಿದರೆ ಸಾಕು, ಗಂಟಲು ಕಟ್ಟುತ್ತೆ ಅನ್ನಿಸುತ್ತದೆ. ಆ ದಿನ ನಾನು ಯಾರ ಹತ್ತಿರವಾದರೂ ಸುಳ್ಳು ಹೇಳಿರುತ್ತೇನೆ.

ಅಂದಿನಿಂದ ಇಂಥ ಕೊನೆ ಸಿಕ್ಕಾಗೆಲ್ಲ ನಾನು ನೋಡುವುದು ಇದನ್ನೇ. ಕಥೆ ಶುರುವಾದ ಪ್ರಶ್ನೆಗೆ ಉತ್ತರ ಕೊಟ್ಟು, ಆಮೇಲೆ ಬೇರೆ ಪ್ರಶ್ನೆ ಬಿಟ್ಟು ಹೋದರಾ? ಅಥವಾ ಸುಮ್ನೆ ಉತ್ತರವನ್ನೇ ಬಚ್ಚಿಟ್ಟರಾ? “ಮುಂದಿನ ಭಾಗದಲ್ಲಿ ನೋಡಿ” ಅನ್ನೋ ಸಿನಿಮಾಗಳನ್ನಂತೂ ಈ ಲೆಕ್ಕಕ್ಕೇ ಸೇರಿಸಬೇಡಿ. ಅದು ಅಡ್ವಾನ್ಸ್ ಬುಕಿಂಗ್. ‘ಇನ್‌ಸೆಪ್ಷನ್’ (2010) ಬಂದಾಗ ನಮ್ಮ ಆಫೀಸಿನ ಕ್ಯಾಂಟೀನಿನಲ್ಲಿ ಒಂದು ವಾರ ಕೊನೆಯ ದೃಶ್ಯದ ಬುಗುರಿಯದ್ದೇ ಜಗಳ, ಬಿತ್ತಾ ಇಲ್ವಾ ಅಂತ. ಬಿದ್ದರೆ ನಿಜ, ತಿರುಗುತ್ತಲೇ ಇದ್ದರೆ ಕನಸು. ಬುಗುರಿ ತಿರುಗಿಸಿದವನೇ ಅದು ಬೀಳುವವರೆಗೆ ಕಾಯದೆ ಮಕ್ಕಳ ಹತ್ತಿರ ಹೋದನಲ್ಲ, ಅದರ ಬಗ್ಗೆ ಒಬ್ಬರೂ ಮಾತಾಡಲಿಲ್ಲ.

ಸಿನಿಮಾದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟ ಇರಾನಿನ ಅಸ್ಗರ್ ಫರ್ಹಾದಿ ಅವರ ‘ಎ ಸೆಪರೇಷನ್’ (2011). ಹೆಂಡತಿಗೆ ದೇಶ ಬಿಟ್ಟು ಹೋಗಬೇಕು. ಮರೆವಿನ ಕಾಯಿಲೆಯ ಅಪ್ಪನನ್ನು ಬಿಟ್ಟು ಗಂಡ ಬರಲಾರ. ನಡುವೆ ಮನೆಗೆಲಸದವಳ ಗರ್ಭಪಾತದ ಕೇಸು. ಯಾರು ತಳ್ಳಿದರು, ಯಾರು ಸುಳ್ಳು ಹೇಳಿದರು ಎಲ್ಲ ಮೊದಲೇ ಇತ್ಯರ್ಥ ಆಗಿಹೋಗುತ್ತದೆ. ಕೊನೆಯ ದೃಶ್ಯದಲ್ಲಿ ನ್ಯಾಯಾಧೀಶರು ಮಗಳನ್ನು ಕೇಳುತ್ತಾರೆ: ಅಪ್ಪನ ಜೊತೆ ಇರ್ತೀಯಾ, ಅಮ್ಮನ ಜೊತೆನಾ? ತೀರ್ಮಾನ ಮಾಡಿದ್ದೀನಿ ಅನ್ನುತ್ತಾಳೆ, ಕಣ್ಣಲ್ಲಿ ನೀರು. ನ್ಯಾಯಾಧೀಶರು ಅಪ್ಪ, ಅಮ್ಮ ಇಬ್ಬರನ್ನೂ ಹೊರಗೆ ಕಳಿಸುತ್ತಾರೆ. ಕಾರಿಡಾರಿನಲ್ಲಿ ಇಬ್ಬರೂ ಕಾಯುತ್ತಾರೆ, ಮಧ್ಯೆ ಗಾಜಿನ ಬಾಗಿಲು. ತೆರೆಯ ಮೇಲೆ ಹೆಸರುಗಳು ಬರೋಕೆ ಶುರುವಾಗುತ್ತವೆ, ಅವರು ಇನ್ನೂ ಕಾಯುತ್ತಲೇ ಇರುತ್ತಾರೆ. ಮಗಳಿಗೆ ಉತ್ತರ ಗೊತ್ತಿದೆ, ನ್ಯಾಯಾಧೀಶರಿಗೂ ಗೊತ್ತಾಗುತ್ತದೆ. ಬಾಗಿಲ ಹೊರಗೆ ಉಳಿದವರು ಅವರಿಬ್ಬರು, ಮತ್ತೆ ನಾವು.

ಇದೇನೂ ಹೊರಗಿನಿಂದ ಬಂದ ಹೊಸ ಶೋಕಿ ಅಲ್ಲ ಬಿಡಿ. ಚಂದಮಾಮದ ಬೇತಾಳ ಕಥೆಯಲ್ಲಿ ಪ್ರತಿ ತಿಂಗಳೂ ರಾಜ ಉತ್ತರ ಹೇಳುತ್ತಿದ್ದ, ಬೇತಾಳ ಮರಕ್ಕೆ ಹಾರುತ್ತಿತ್ತು. ಆದರೆ ಹಳೆಯ ಬೇತಾಳ ಕಥೆಗಳು 25. ಅದರಲ್ಲಿ ಕೊನೆಯ ಒಗಟಿಗೆ ರಾಜನ ಹತ್ತಿರ ಉತ್ತರವೇ ಇಲ್ಲ. ಒಂದು ಮನೆಯ ಅಪ್ಪ ಇನ್ನೊಂದು ಮನೆಯ ಮಗಳನ್ನು, ಅವನ ಮಗ ಆ ಹುಡುಗಿಯ ತಾಯಿಯನ್ನು ಮದುವೆಯಾದರೆ ಹುಟ್ಟುವ ಮಕ್ಕಳು ಒಬ್ಬರಿಗೊಬ್ಬರು ಏನಾಗಬೇಕು? ರಾಜ ಬಾಯಿ ಮುಚ್ಚಿಕೊಂಡು ನಡೆಯುತ್ತಾನೆ. ಬೇತಾಳ ಮೆಚ್ಚುವುದೂ ಆಗಲೇ.

ಇನ್ನು ವಿವೇಕ ಶಾನಭಾಗರ ‘ಘಾಚರ್ ಘೋಚರ್’ (2013). ಬಡತನದಿಂದ ದಿಢೀರ್ ಮೇಲೆದ್ದ ಬೆಂಗಳೂರಿನ ಮನೆ. ಚಿಕ್ಕಪ್ಪನ ಮಸಾಲೆ ವ್ಯಾಪಾರವೇ ಎಲ್ಲರಿಗೂ ಅನ್ನ. ಆ ಮನೆಗೆ ಸೊಸೆಯಾಗಿ ಬಂದ ಅನಿತಾ, ಯಾರೂ ಕೇಳಬಾರದ್ದನ್ನು ಕೇಳುವವಳು. ಊರಿಗೆ ಹೋದವಳು ವಾಪಸ್ ಬಂದಿರಬೇಕಿತ್ತು, ಬಂದಿಲ್ಲ. ಗಂಡ ಕಾಫಿ ಹೌಸ್‌ನಲ್ಲಿ ಕೂತಿದ್ದಾನೆ. ಕೈಯಲ್ಲಿದ್ದ ಗ್ಲಾಸು ಒಡೆಯುತ್ತದೆ. ಕೈ ತೊಳೆದುಕೊಳ್ಳಿ, ರಕ್ತ ಅಂಟಿದೆ ಅನ್ನೋ ಅರ್ಥದ ಮಾತನ್ನು ಮಾಣಿ ವಿನ್ಸೆಂಟ್ ಹೇಳುತ್ತಾನೆ. ಅಷ್ಟಕ್ಕೇ ಪುಸ್ತಕ ಮುಗಿಯುತ್ತದೆ.

ಇದು ನನ್ನ ನಿಯಮವನ್ನು ಮುರಿಯುತ್ತದೆ. ಇಲ್ಲಿ ಮುಖ್ಯ ಸಂಗತಿಯನ್ನೇ ಹೇಳಿಲ್ಲ. ಆದರೂ ಮೋಸ ಅನ್ನಿಸುವುದಿಲ್ಲ, ಯಾಕಂದ್ರೆ ಮನೆಯವರ ಮಾತಿನಲ್ಲಿ, ಇರುವೆ ಕೊಲ್ಲುವ ರೀತಿಯಲ್ಲಿ, ಮನೆ ಬಾಗಿಲಿಗೆ ಬಂದ ಹೆಂಗಸನ್ನು ಓಡಿಸಿದ್ದರಲ್ಲಿ ಎಲ್ಲ ಮೊದಲೇ ಇದೆ. ಓದುವಾಗ ನಾವೂ ನಕ್ಕಿರುತ್ತೇವೆ. ನಿರೂಪಕನಿಗೆ ಹೆಸರಿಲ್ಲ. ಯಾರ ಹೆಸರನ್ನಾದರೂ ಇಟ್ಟುಕೊಳ್ಳಬಹುದು.

ನನ್ನ ಹೆಂಡತಿ ಒಂದೇ ಸಂಜೆಯಲ್ಲಿ ಓದಿ ಮುಗಿಸಿದಳು. “ಅನಿತಾಗೆ ಏನಾಯ್ತು ಅನ್ಸುತ್ತೆ?” ಅಂತ ನಾನು ಕೇಳಿದೆ. ಪುಸ್ತಕ ಮಡಚಿಟ್ಟು, “ಅದಿರಲಿ. ಹೆಂಡತಿ ಬರಬೇಕಾದ ಹೊತ್ತಿಗೆ ಬರಲಿಲ್ಲ ಅಂದ್ರೆ ನೀವು ಎಲ್ಲಿ ಕೂತಿರ್ತೀರಿ?” ಅಂದಳು.

ಕಾಫಿ ಮಾಡ್ತೀನಿ ಅಂತ ಎದ್ದು ಒಳಗೆ ಹೋದೆ.