ಓದುಗರ ಪ್ರಶ್ನೆ: ಕೊಕ್ಕೆಹುಳು ನಾಯಿಯಿಂದ ಬರುತ್ತದೆಯೇ?

ಪ್ರಶ್ನೆ: ನಮ್ಮ ಕೇರಿಯ ಶಾಲಾ ಮಕ್ಕಳಿಗೆ ವರ್ಷಕ್ಕೆರಡು ಸಲ ಜಂತುಹುಳು ಮಾತ್ರೆ ಕೊಡುತ್ತಾರೆ. ಆದರೂ ಕೆಲವೇ ತಿಂಗಳಲ್ಲಿ ಮಲಪರೀಕ್ಷೆಯಲ್ಲಿ ಕೊಕ್ಕೆಹುಳುವಿನ ಮೊಟ್ಟೆ ಮತ್ತೆ ಕಾಣುತ್ತದೆ. ಇಲ್ಲಿ ನಾಯಿಗಳು ಬಹಳ. ಅವುಗಳಿಂದ ಬರುತ್ತಿದೆಯೇ?

ಬರುತ್ತಿರಬಹುದು. ಮನುಷ್ಯರಲ್ಲಿ ಹೆಚ್ಚಾಗಿ ಕಾಣುವ ನೆಕೇಟರ್ ಅಮೆರಿಕಾನಸ್ ಮನುಷ್ಯರ ಮಲದಿಂದ ಮನುಷ್ಯರಿಗೇ ಹರಡುವ ಹುಳು. ಆದರೆ ಆನ್ಕೈಲೊಸ್ಟೋಮಾ ಸೆಲಾನಿಕಮ್ ಎಂಬ ಜಾತಿ ನಾಯಿ, ಬೆಕ್ಕು, ಮನುಷ್ಯ ಮೂವರ ಕರುಳಿನಲ್ಲೂ ಬೆಳೆದು ಮೊಟ್ಟೆಯಿಡುತ್ತದೆ. 1911ರಲ್ಲಿ ಸಿಲೋನಿನ (ಇಂದಿನ ಶ್ರೀಲಂಕಾ) ಪುನುಗು ಬೆಕ್ಕಿನಲ್ಲಿ ಗುರುತಿಸಿದ ಈ ಹುಳು ಇಂದು ಆಗ್ನೇಯ ಏಷ್ಯಾದ ಜನರಲ್ಲಿ ಎರಡನೆಯ ಅತಿ ಸಾಮಾನ್ಯ ಕೊಕ್ಕೆಹುಳು. ಸೂಕ್ಷ್ಮದರ್ಶಕದಲ್ಲಿ ಎಲ್ಲ ಕೊಕ್ಕೆಹುಳುಗಳ ಮೊಟ್ಟೆಯೂ ಒಂದೇ ಥರ ಕಾಣುತ್ತದೆ; ಜಾತಿ ತಿಳಿಯಲು ಡಿಎನ್‌ಎ ನೋಡುವ ಪಿಸಿಆರ್ ಪರೀಕ್ಷೆ ಬೇಕು. ಅದಕ್ಕಾಗಿ ಕಾಯುತ್ತ ಕೂರಬೇಡಿ. ಪ್ರಾಣಿಗಳನ್ನೂ ಲೆಕ್ಕಕ್ಕೆ ಸೇರಿಸಿಕೊಂಡೇ ಕೆಲಸ ಶುರು ಮಾಡಿ.

ಇಲ್ಲಿ ಎಲ್ಲವೂ ನಿಂತಿರುವುದು ದಿನಗಳ ಲೆಕ್ಕದ ಮೇಲೆ. ಹಸಿ ಮಲದಲ್ಲಿರುವ ಮೊಟ್ಟೆ ಯಾರಿಗೂ ಅಂಟುವುದಿಲ್ಲ. ನೆರಳು, ತೇವ, ಬಿಸುಪು ಸಿಕ್ಕರೆ ಒಂದೆರಡು ದಿನದಲ್ಲಿ ಮೊಟ್ಟೆಯೊಡೆದು ಮರಿಹುಳು ಬರುತ್ತದೆ. ಐದರಿಂದ ಹತ್ತು ದಿನದೊಳಗೆ ಅದು ಚರ್ಮ ಕೊರೆದು ಒಳಹೋಗುವ ಹಂತ ಮುಟ್ಟುತ್ತದೆ. ಆಮೇಲೆ ಮಣ್ಣಿನಲ್ಲಿ ಮೂರು ನಾಲ್ಕು ವಾರ ಬದುಕಬಲ್ಲದು. ಹಾಗಾಗಿ ನಾಯಿಯ ಮಲವನ್ನು ದಿನವೂ ಎತ್ತಿ ಹಾಕುವುದೇ ಕಾಸು ಖರ್ಚಿಲ್ಲದ ಮದ್ದು. ವಾರಕ್ಕೊಮ್ಮೆ ಗುಡಿಸಿದರೆ ಹೊತ್ತು ಮೀರಿರುತ್ತದೆ. ಎತ್ತಿದ್ದನ್ನು ಆಳವಾದ ಶೌಚಗುಂಡಿಗೇ ಹಾಕಬೇಕು. ಮೇಲೆ ಒಂದು ಹಿಡಿ ಮಣ್ಣೆಳೆದರೆ ನಾವೇ ಅದಕ್ಕೆ ನೆರಳು, ತೇವ ಒದಗಿಸಿದಂತೆ. ಮರಿಹುಳು ಮತ್ತೆ ಮೇಲಕ್ಕೆ ಬರುತ್ತದೆ. ನಲ್ಲಿಯ ಬುಡ, ಬಟ್ಟೆ ಒಗೆಯುವ ಜಾಗಗಳಂಥ ಸದಾ ಹಸಿಯಾಗಿರುವ ನೆರಳಿನ ಮೂಲೆಗಳನ್ನು ಮೊದಲು ನೋಡಿ. ನೀರು ಹರಿದುಹೋಗಲಿ, ಬಿಸಿಲು ಬೀಳಲಿ: ಒಣಗಿದರೆ ಮರಿಹುಳು ಸಾಯುತ್ತದೆ. ಮಣ್ಣಿಗೆ ಬ್ಲೀಚಿಂಗ್ ಪುಡಿ ಎರಚಿ ಆಯಿತೆಂದುಕೊಳ್ಳಬೇಡಿ.

ಮಾತ್ರೆ ಶಾಲಾ ಮಕ್ಕಳಿಗಷ್ಟೇ ಸಿಗುವುದು ಇನ್ನೊಂದು ಕೊರತೆ. ದುಂಡುಹುಳು ಮಕ್ಕಳಲ್ಲಿ ಹೆಚ್ಚು. ಕೊಕ್ಕೆಹುಳುವಿನ ಹೊರೆ ದೊಡ್ಡವರಲ್ಲೇ ಹೆಚ್ಚು. ಮನೆಮಂದಿಗೂ ನಾಯಿ ಬೆಕ್ಕುಗಳಿಗೂ ಒಂದೇ ವಾರದಲ್ಲಿ ಔಷಧಿ ಆಗಬೇಕು. ಮನುಷ್ಯರಿಗೆ ಆಲ್ಬೆಂಡಜೋಲ್ 400 ಮಿ.ಗ್ರಾಂ. ಒಂದೇ ಸಲ, ಒಂದರಿಂದ ಎರಡು ವರ್ಷದೊಳಗಿನ ಮಗುವಿಗೆ 200 ಮಿ.ಗ್ರಾಂ. ಚಿಕ್ಕ ಮಕ್ಕಳಿಗೆ ಪುಡಿ ಮಾಡಿ ನೀರಿನಲ್ಲಿ ಕಲಸಿ ಕೊಡಿ. ಅಳುವ ಮಗುವಿನ ಬಾಯಿಗೆ ಇಡೀ ಮಾತ್ರೆ ತುರುಕಿದರೆ ಗಂಟಲಲ್ಲಿ ಸಿಕ್ಕಿಕೊಳ್ಳುತ್ತದೆ. ಗರ್ಭಿಣಿಯರಿಗೆ ಮೊದಲ ಮೂರು ತಿಂಗಳು ಬೇಡ.

ಮಗು ಬಿಳಿಚಿಕೊಂಡಿದ್ದರೆ ಹಿಮೋಗ್ಲೋಬಿನ್ ನೋಡಿಸಿ. ಒಂದು ನೆಕೇಟರ್ ಹುಳು ದಿನಕ್ಕೆ ಸುಮಾರು 0.03 ಮಿ.ಲೀ. ರಕ್ತ ಕಳೆಯುತ್ತದೆ, ನೂರಿದ್ದರೆ ದಿನಕ್ಕೆ 3 ಮಿ.ಲೀ. ಹುಳು ಹೋದ ಮಾತ್ರಕ್ಕೆ ಆ ರಕ್ತ ವಾಪಸು ಬರುವುದಿಲ್ಲ. ರಕ್ತಹೀನತೆಯಿದ್ದರೆ ಕಬ್ಬಿಣಾಂಶದ ಔಷಧಿಯನ್ನು ಕೆಲವು ತಿಂಗಳು ಬಿಡದೆ ಕೊಡಬೇಕಾಗುತ್ತದೆ.

ಪ್ರಶ್ನೆ: ಮಗನ ಪಾದದ ಮೇಲೆ ಅಂಕುಡೊಂಕಾದ ಕೆಂಪು ಗೆರೆ ಎದ್ದಿದೆ. ದಿನದಿನಕ್ಕೆ ಉದ್ದವಾಗುತ್ತಿದೆ, ರಾತ್ರಿ ತುರಿಕೆ ಹೆಚ್ಚು. ಗೆರೆಯ ತುದಿಯನ್ನು ಸುಟ್ಟರೆ ಹೋಗುತ್ತದೆಂದು ನೆರೆಯವರು ಹೇಳುತ್ತಾರೆ.

ದಯವಿಟ್ಟು ಸುಡಬೇಡಿ. ಅದು ನಾಯಿ ಬೆಕ್ಕುಗಳ ಬೇರೊಂದು ಜಾತಿಯ ಕೊಕ್ಕೆಹುಳುವಿನ ಮರಿ ಇದ್ದಂತಿದೆ. ಮನುಷ್ಯರ ಚರ್ಮದಿಂದ ಆಳಕ್ಕೆ ಇಳಿಯಲಾಗದೆ ಮೇಲ್ಪದರದಲ್ಲೇ ಅಲೆಯುತ್ತದೆ, ದಿನಕ್ಕೆ ಕೆಲವು ಮಿಲಿಮೀಟರಿನಿಂದ ಒಂದೆರಡು ಸೆಂಟಿಮೀಟರಿನಷ್ಟು. ಕಾಣುವ ಗೆರೆ ಅದು ನಡೆದು ಬಂದ ದಾರಿ. ಹುಳು ಅದಕ್ಕಿಂತ ಮುಂದಿರುತ್ತದೆ. ಸುಟ್ಟರೆ ಸಿಗುವುದು ಗಾಯವಷ್ಟೆ. ವೈದ್ಯರು ತೂಕ ನೋಡಿ ಐವರ್ಮೆಕ್ಟಿನ್ (ಕೆ.ಜಿ.ಗೆ 200 ಮೈಕ್ರೋಗ್ರಾಂ, ಒಂದು ಸಲ, 15 ಕೆ.ಜಿ.ಗಿಂತ ಹಗುರದ ಮಕ್ಕಳಿಗೆ ಸಾಮಾನ್ಯವಾಗಿ ಕೊಡುವುದಿಲ್ಲ) ಅಥವಾ ಕೆಲವು ದಿನ ಆಲ್ಬೆಂಡಜೋಲ್ ಕೊಡುತ್ತಾರೆ. ಉಗುರು ಚಿಕ್ಕದಾಗಿ ಕತ್ತರಿಸಿರಿ. ಕೆರೆದು ಕೀವಾಗುವುದೇ ದೊಡ್ಡ ತೊಂದರೆ.

ಪ್ರಶ್ನೆ: ನಾಯಿಮರಿಗಳು ಎರಡು ಮೂರು ವಾರಕ್ಕೇ ಕಪ್ಪಗೆ ಭೇದಿ ಮಾಡಿಕೊಂಡು ಸಾಯುತ್ತಿವೆ. ಮಲದಲ್ಲಿ ಮೊಟ್ಟೆ ಇಲ್ಲ ಎಂದರು.

ಆ ವರದಿ ನಂಬಿ ಸುಮ್ಮನಿರಬೇಡಿ. ಆನ್ಕೈಲೊಸ್ಟೋಮಾ ಕ್ಯಾನೈನಮ್ ಎಂಬ ನಾಯಿಯ ಕೊಕ್ಕೆಹುಳು ತಾಯಿಯ ಹಾಲಿನಲ್ಲೇ ಮರಿಗೆ ಸೇರುತ್ತದೆ; ಹುಳು ಮೊಟ್ಟೆಯಿಡುವ ಮೊದಲೇ ರಕ್ತ ಹೀರಿ ಮರಿಯನ್ನು ಕೊಲ್ಲಬಲ್ಲದು. ತುಟಿ ಮೇಲೆತ್ತಿ ವಸಡು ನೋಡಿ: ಬಿಳಿಚಿದ್ದರೆ ಅಂದೇ ಪಶುವೈದ್ಯರಲ್ಲಿಗೆ ಒಯ್ಯಿರಿ, ರಕ್ತ ಕೊಡಬೇಕಾಗಬಹುದು. ಉಳಿದ ಮರಿಗಳಿಗೆ ಎರಡನೇ ವಾರದಿಂದ ಎಂಟನೇ ವಾರದವರೆಗೆ ಎರಡು ವಾರಕ್ಕೊಮ್ಮೆ ಪೈರಾಂಟೆಲ್ ಎಂಬ ಜಂತುಹುಳುವಿನ ದ್ರವ ಔಷಧಿ, ಕೆ.ಜಿ.ಗೆ 5 ಮಿ.ಗ್ರಾಂ.; ಆಮೇಲೆ ಆರು ತಿಂಗಳವರೆಗೆ ತಿಂಗಳಿಗೊಮ್ಮೆ. ತಾಯಿಗೂ ಜೊತೆಯಲ್ಲೇ ಕೊಡಿ. ಬಾಟಲಿ ಚೆನ್ನಾಗಿ ಕುಲುಕಿ. ಔಷಧಿ ತಳದಲ್ಲಿ ಕೂತಿರುತ್ತದೆ. ತೂಕವನ್ನು ಕಣ್ಣಳತೆಯಲ್ಲಿ ಅಂದಾಜಿಸಬೇಡಿ: ಕಡಿಮೆ ಬಿದ್ದರೆ ಹುಳು ಉಳಿಯುತ್ತದೆ. ಮನುಷ್ಯರ ಆಲ್ಬೆಂಡಜೋಲ್ ಮಾತ್ರೆ ಮುರಿದು ಹಾಕುವುದಂತೂ ಬೇಡವೇ ಬೇಡ. ಅದು ನಾಯಿಯ ಮೂಳೆಮಜ್ಜೆಯನ್ನು ಕೆಡಿಸಬಹುದು.

ಪ್ರಶ್ನೆ: ಹಾಗಾದರೆ ಕೇರಿಯ ನಾಯಿಗಳನ್ನೆಲ್ಲ ಹಿಡಿಸಿಬಿಟ್ಟರೆ?

ಮಣ್ಣಿನಲ್ಲಿರುವ ಮರಿಹುಳು ಅಲ್ಲೇ ಉಳಿಯುತ್ತದೆ; ಖಾಲಿಯಾದ ಜಾಗಕ್ಕೆ ಔಷಧಿಯೇ ಕಾಣದ ಬೇರೆ ನಾಯಿಗಳು ಬರುತ್ತವೆ. ಗುರುತಿರುವ ನಾಯಿಗಳಿಗೆ ಮೂರು ತಿಂಗಳಿಗೊಮ್ಮೆ ಔಷಧಿ ಹಾಕಿಸಿ, ಸಂತಾನಹರಣ ಮಾಡಿಸಿ, ಅಲ್ಲೇ ಇರಗೊಡಿ.