ಹಿಂಗಾಲು ಸೋತ ಮುದಿ ಮೊಲ

ಪ್ರಶ್ನೆ: ನಮ್ಮ ಮೊಲಕ್ಕೆ 9 ವರ್ಷ, ತೂಕ 2 ಕೆ.ಜಿ. ಹಿಂಗಾಲಲ್ಲಿ ತ್ರಾಣವಿಲ್ಲ, ಮೂತ್ರದಲ್ಲೇ ಕೂತಿರುತ್ತದೆ. ಎಕ್ಸ್‌ರೇ ನೋಡಿ, ಬೆನ್ನುಮೂಳೆ ಸವೆದಿದೆ, ಮೂತ್ರಕೋಶದಲ್ಲಿ ಸುಣ್ಣದಂಥ ಗಸಿ ಕೂತಿದೆ ಎಂದರು. ನೋವಿಗೆ ಮೆಲಾಕ್ಸಿಕ್ಯಾಮ್ ನಡೆದಿದೆ. ಈಗೀಗ ಒಣಹುಲ್ಲು ಮೂಸಿ ಬಿಡುತ್ತದೆ, ಸೊಪ್ಪು ಮಾತ್ರ ಒಂದಿಷ್ಟು ತಿನ್ನುತ್ತದೆ. ಸಿರಿಂಜಿನಲ್ಲಿ ಉಣಿಸಬಹುದೇ?
– ಓದುಗರು, ಶಿವಮೊಗ್ಗ

ಉತ್ತರ: ಉಣಿಸಬಹುದು. ಆದರೆ ಮೊದಲು ದವಡೆ ಹಲ್ಲು ತೋರಿಸಿ. ಹುಲ್ಲು ಬೇಡ, ಮೆತ್ತನೆಯದು ಬೇಕು ಎನ್ನುವ ಮೊಲಕ್ಕೆ ಹೆಚ್ಚಾಗಿ ಹಲ್ಲಿನ ಮೊನೆ ನಾಲಿಗೆಗೋ ಕೆನ್ನೆಗೋ ಚುಚ್ಚುತ್ತಿರುತ್ತದೆ. ಬಾಚಿಹಲ್ಲು ನೋಡಿದರೆ ಇದು ತಿಳಿಯದು, ಬಾಯೊಳಗೆ ಬೆಳಕು ಬಿಟ್ಟೇ ನೋಡಬೇಕು. ನಿಮ್ಮೂರಿನಲ್ಲೇ ಪಶುವೈದ್ಯಕೀಯ ಕಾಲೇಜಿದೆ, ಅಲ್ಲಿ ವಿಚಾರಿಸಿ.

ಸಿರಿಂಜಿನಲ್ಲಿ ಉಣಿಸುವ ರೆಡಿಮೇಡ್ ಆಹಾರದ ಪುಡಿ ಸಿಗದಿದ್ದರೆ ಒಂದು ಪಾಲು ಪೆಲೆಟ್‌ಗೆ (ಮೊಲದ ಗುಳಿಗೆಯಂಥ ಒಣ ಆಹಾರ) ಎರಡು ಪಾಲು ಉಗುರುಬೆಚ್ಚಗಿನ ನೀರು ಹಾಕಿ ನೆನೆಸಿ, ನುಣ್ಣಗೆ ರುಬ್ಬಿ. ಮೊಲ ತಾನಾಗಿ ಏನೂ ತಿನ್ನದಿದ್ದರೆ ಕೆ.ಜಿ.ಗೆ ದಿನಕ್ಕೆ ಸುಮಾರು 50 ಮಿ.ಲೀ. ಬೇಕು. ನಿಮ್ಮದಕ್ಕೆ 100 ಮಿ.ಲೀ., ನಾಲ್ಕೈದು ಹೊತ್ತಿಗೆ ಹಂಚಿ. ಸೊಪ್ಪು ತಿನ್ನುತ್ತಿದ್ದರೆ ಅಷ್ಟು ಕಡಿಮೆ ಸಾಕು. ಟವೆಲ್ ಸುತ್ತಿ ಕೂರಿಸಿಕೊಳ್ಳಿ, ಅಂಗಾತ ಮಲಗಿಸಲೇಬೇಡಿ. ಬಾಚಿಹಲ್ಲಿನ ಹಿಂದೆ ಹಲ್ಲಿಲ್ಲದ ಜಾಗವಿದೆ. ಸಿರಿಂಜಿನ ತುದಿಯನ್ನು ಪಕ್ಕದಿಂದ ಅಲ್ಲಿಗೆ ತೂರಿಸಿ, ಒಂದು ಸಲಕ್ಕೆ ಅರ್ಧದಿಂದ 1 ಮಿ.ಲೀ. ಬಿಡಿ. ಅಗಿದು ನುಂಗಿದ ಮೇಲೇ ಮುಂದಿನದು. ಅವಸರ ಮಾಡಿದರೆ ಶ್ವಾಸಕೋಶಕ್ಕೆ ಹೋಗುತ್ತದೆ.

ಉಣಿಸುವ ಮುನ್ನ ಕಿವಿ ಮುಟ್ಟಿ. ತಣ್ಣಗಿದ್ದರೆ ಬಟ್ಟೆ ಸುತ್ತಿದ ಬಿಸಿನೀರಿನ ಬಾಟಲಿಯನ್ನು ಪಕ್ಕದಲ್ಲಿಟ್ಟು ಬೆಚ್ಚಗಾಗಿಸಿ. ಮೈ ತಣ್ಣಗಾದ ಮೊಲದ ಕರುಳು ಆಡುವುದಿಲ್ಲ. ಹೊಟ್ಟೆ ತಮಟೆಯಂತೆ ಬಿಗಿದಿದ್ದರೆ ಏನನ್ನೂ ಹಾಕಬೇಡಿ: ಮೊಲಕ್ಕೆ ವಾಂತಿ ಮಾಡಲು ಬರುವುದಿಲ್ಲ, ಒಳಗೆ ಅಡ್ಡಿಯಿದ್ದರೆ ಹೊಟ್ಟೆಯೇ ಒಡೆಯಬಹುದು. 10–12 ಗಂಟೆ ಏನೂ ತಿನ್ನದೆ, ಹಿಕ್ಕೆಯನ್ನೂ ಹಾಕದಿದ್ದರೆ ರಾತ್ರಿಯಾದರೂ ವೈದ್ಯರಲ್ಲಿಗೆ ಹೊರಡಿ.

ಗಸಿಗೆ ನೀರೇ ಮದ್ದು. ನಿಪ್ಪಲ್ ಬಾಟಲಿ ತೆಗೆದು ಅಗಲ ಬಟ್ಟಲಿಡಿ, ಸೊಪ್ಪನ್ನು ತೊಳೆದು ಒದ್ದೆಯಾಗೇ ಕೊಡಿ. ಕುದುರೆ ಮೆಂತೆ ನಿಲ್ಲಿಸಿ, ಅದರಲ್ಲಿ ಕ್ಯಾಲ್ಸಿಯಂ ಹೆಚ್ಚು; ಗರಿಕೆ ಒಳ್ಳೆಯದು. ಮೆಲಾಕ್ಸಿಕ್ಯಾಮ್ ದೀರ್ಘಕಾಲ ನಡೆಯುವುದಾದರೆ ಮೂತ್ರಪಿಂಡದ ರಕ್ತಪರೀಕ್ಷೆ ಆಗಾಗ ಮಾಡಿಸಬೇಕು. ಹೆದರಿ ನೀವಾಗೇ ನಿಲ್ಲಿಸಬೇಡಿ, ನೋವಿರುವ ಮೊಲ ತಿನ್ನುವುದಿಲ್ಲ.

ಮೊಲ ತಾನು ಹಾಕುವ ಮೆತ್ತನೆಯ ಹಿಕ್ಕೆಯನ್ನು ತಾನೇ ತಿನ್ನುತ್ತದೆ; ಬೆನ್ನು ಬಗ್ಗದ ಮೊಲ ಅದನ್ನು ಬಾಯಿಗೆ ತೆಗೆದುಕೊಳ್ಳಲಾರದು. ಅದು ಬುಡಕ್ಕೆ ಮೆತ್ತಿಕೊಂಡು ನೊಣ ಕೂರುತ್ತದೆ. ಮಳೆಗಾಲದಲ್ಲಿ ಒಂದೇ ದಿನದಲ್ಲಿ ಹುಳ ಬೀಳಬಹುದು. ಬೆಳಿಗ್ಗೆ ಸಂಜೆ ಬಾಲ ಎತ್ತಿ ನೋಡಿ. ಬುಡವನ್ನಷ್ಟೇ ಉಗುರುಬೆಚ್ಚಗಿನ ನೀರಲ್ಲಿ ತೊಳೆದು ಪೂರ್ತಿ ಒಣಗಿಸಿ, ಇಡೀ ಮೈಗೆ ಸ್ನಾನ ಬೇಡ. ಗಂಟುಗೂದಲನ್ನು ಕತ್ತರಿಯಿಂದ ಕತ್ತರಿಸಲು ಹೋಗಬೇಡಿ. ಮೊಲದ ಚರ್ಮ ತೆಳು, ಕೂದಲ ಜೊತೆಗೇ ಬಂದುಬಿಡುತ್ತದೆ.

ಪ್ರಶ್ನೆ: ಮೊಲ ಸೀನುತ್ತಿದೆ. ಮಗುವಿಗೆ ತಂದ ಅಮಾಕ್ಸಿಸಿಲಿನ್ ಸಿರಪ್ ಉಳಿದಿದೆ, ಎರಡು ಹನಿ ಹಾಕಬಹುದೇ?
– ಓದುಗರು, ಹಾಸನ

ಉತ್ತರ: ಬೇಡವೇ ಬೇಡ. ಪೆನ್ಸಿಲಿನ್ ಗುಂಪಿನ ಔಷಧಿ ಬಾಯಿಂದ ಹೋದರೆ ಕರುಳಿನ ಒಳ್ಳೆಯ ಬ್ಯಾಕ್ಟೀರಿಯಾ ಸಾಯುತ್ತವೆ, ವಿಷಕಾರಿ ಬ್ಯಾಕ್ಟೀರಿಯಾ ಹೆಚ್ಚುತ್ತವೆ. ಭೇದಿ ಹತ್ತಿ ಮೊಲ ಕೆಲವೇ ದಿನಗಳಲ್ಲಿ ಸಾಯಬಹುದು. ಎನ್ರೋಫ್ಲಾಕ್ಸಸಿನ್‌ನಂಥ ಬೇರೆ ಔಷಧಿಗಳಿವೆ, ಪ್ರಮಾಣವನ್ನು ತೂಕ ನೋಡಿ ವೈದ್ಯರೇ ಹೇಳಬೇಕು. ನಾಯಿಯ ಉಣ್ಣಿಗೆ ಹಾಕುವ ಫಿಪ್ರೋನಿಲ್ ಕೂಡ ಮೊಲಕ್ಕೆ ವಿಷ. ಮನೆಯಲ್ಲಿದ್ದರೆ ಬೇರೆ ಕಪಾಟಿನಲ್ಲಿಡಿ.