ಪ್ರತಿಕ್ರಿಯೆ: ಒತ್ತಕ್ಷರದ ದೋಷಕ್ಕೆ 10,000 ರೂಪಾಯಿ ಇನಾಮು ಇಡಬಹುದೇ?

ಮುಕ್ತ ತಂತ್ರಾಂಶದ (ಯಾರು ಬೇಕಾದರೂ ಕೋಡ್ ತಿದ್ದಬಹುದಾದ) ಕನ್ನಡ ಕೀಬೋರ್ಡ್ ಆ್ಯಪ್‌ನಲ್ಲಿ ಒತ್ತಕ್ಷರ ತಪ್ಪಾಗಿ ಮೂಡೋದನ್ನು ಸರಿಪಡಿಸಿದವರಿಗೆ ಇನಾಮು ಇಡಬಹುದೇ ಅಂತ ಕೇಳಿದ್ದೀರಿ. ಇಂಥ ದೋಷಕ್ಕಾದರೆ ಇಡಿ, ತಪ್ಪಿಲ್ಲ. ಎಲ್ಲಿ ಶುರು, ಎಲ್ಲಿ ಮುಗಿತು ಅಂತ ಗೆರೆ ಎಳೆಯಬಹುದಾದ ಕೆಲಸ ಅದು. "ಆ್ಯಪ್ ವೇಗವಾಗಲಿ" ಅನ್ನೋ ಥರದ್ದಕ್ಕೆ ಮಾತ್ರ ಬೇಡ, ಜಗಳ ಗ್ಯಾರಂಟಿ.

ನನಗೆ ಭಯ ಇರೋದು ಬೇರೆ ಕಡೆ. ಕೋಡ್ ಬರೆದವನಿಗೆ ದುಡ್ಡು ಸಿಗುತ್ತೆ. ಅದನ್ನು ಓದಿ, ತಿದ್ದಿಸಿ, ಮುಂದೆ ವರ್ಷಗಟ್ಟಲೆ ಸಾಕುವವರಿಗೆ? ಇಂಟರ್ನೆಟ್‌ನಲ್ಲಿ ದತ್ತಾಂಶ ಸಾಗಿಸುವ ಮುಕ್ತ ತಂತ್ರಾಂಶ ಕರ್ಲ್ (curl) ಇದೆಯಲ್ಲ, ಆ ಯೋಜನೆ 2019ರಿಂದ ಭದ್ರತಾ ದೋಷ ಹುಡುಕಿದವರಿಗೆ ಬಹುಮಾನ ಕೊಡ್ತಿತ್ತು. ನಿಜವಾದ ದೋಷಗಳೂ ಸಿಕ್ಕವು. ಆದರೆ ಆಮೇಲೆ ಎಐ ಬಳಸಿ ಗೀಚಿದ ಹುಸಿ ವರದಿಗಳು ಎಷ್ಟು ಬಂದವು ಅಂದರೆ, 2026ರ ಜನವರಿ ಕೊನೆಗೆ ಬಹುಮಾನವನ್ನೇ ನಿಲ್ಲಿಸಿದರು. ಸ್ವಯಂಸೇವಕರು ಕಟ್ಟುವ ಲಿನಕ್ಸ್ ಆಪರೇಟಿಂಗ್ ಸಿಸ್ಟಂ ಡೆಬಿಯನ್‌ನದು ಇನ್ನೊಂದು ಕಥೆ: 2006ರಲ್ಲಿ ಅದರ "ಎಚ್" (Etch) ಅನ್ನೋ ಆವೃತ್ತಿ ಬೇಗ ಹೊರಬರಲಿ ಅಂತ ಇಬ್ಬರು ಬಿಡುಗಡೆ ಮ್ಯಾನೇಜರ್‌ಗಳಿಗೆ ಹಣ ಕೊಡಲು ಹೊರಟಾಗ, ಬಿಟ್ಟಿ ದುಡಿಯುತ್ತಿದ್ದ ಕೆಲವರು ಮುನಿಸಿಕೊಂಡರು. ಡಿಸೆಂಬರ್‌ಗೆ ಅಂದುಕೊಂಡಿದ್ದು ಬಂದಿದ್ದು ಏಪ್ರಿಲ್ 2007ಕ್ಕೆ!

ನಾನಾಗಿದ್ರೆ ಮೊದಲು ಆ ಕೀಬೋರ್ಡ್ ಯೋಜನೆಯ ನಿರ್ವಾಹಕರನ್ನು ಕೇಳ್ತಿದ್ದೆ. ಒಪ್ಪಿದರೆ 10,000ದಲ್ಲಿ 3,000 ಅವರ ಪರಿಶೀಲನೆಗೇ ಎತ್ತಿಡಿ. ಒಬ್ಬರಿಗೇ ಕೆಲಸ ಒಪ್ಪಿಸಿ, ಮೂವರು ಓಡಿ ಇಬ್ಬರ ಶ್ರಮ ನೀರಲ್ಲಿ ಹೋಮ ಆಗೋದು ಬೇಡ. "ರಾಷ್ಟ್ರ", "ಅರ್ಕಾವತಿ" ಥರದ ಇಪ್ಪತ್ತು ಪದ ಸರಿಯಾಗಿ ಮೂಡಿದರೆ ಹಣ, ಅಂತ ಮೊದಲೇ ಬರೆದಿಡಿ. ಅಂದಹಾಗೆ, ದೋಷ ಕೀಬೋರ್ಡ್‌ದೋ ಫಾಂಟ್‌ದೋ ನೋಡಿದ್ದೀರಾ?